ಇಂಗುಗುಂಡಿ ಎಲ್ಲಿರಬೇಕು: ಗುಡ್ಡದ ಕಟ್ಟಡಕ್ಕೆ ಪರಿಸರ, ಭೂಕಂಪದ ಲೆಕ್ಕ ಹಾಕಿದ ಅನುಭವ

ಮಂಗಳೂರಿನ ಗುಡ್ಡವೊಂದರ ಇಳಿಜಾರಿನಲ್ಲಿ ವಸತಿ ಸಮುಚ್ಚಯ ಕಟ್ಟುವ ಯೋಜನೆಗೆ ಪರಿಸರ ಅನುಮತಿಯ ಕಡತ ಸಿದ್ಧಪಡಿಸುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆಯ ಪ್ರಕಾರ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಈ ಅನುಮತಿ ಬೇಕು. ಅದಕ್ಕೆ ತುಂಬಬೇಕಾದ ನಮೂನೆ 1ಎಯಲ್ಲಿ ಒಂದರ ಬೆನ್ನಿಗೆ ಒಂದು ಮೂರು ಪ್ರಶ್ನೆಗಳಿವೆ. ನೆಲ ಕುಸಿಯುವ, ಕೊಚ್ಚಿಹೋಗುವ ಸಾಧ್ಯತೆ ಇದೆಯೇ ಎಂಬುದು ಮೊದಲನೆಯದು. ಮಣ್ಣು, ಇಳಿಜಾರು, ಭೂಕಂಪದ ವಿವರ ಕೇಳುವುದು ಅಲ್ಲೇ. ನೀರು ಹರಿಯುವ ಸಹಜ ದಾರಿ ಬದಲಾಗುತ್ತದೆಯೇ ಎಂಬುದು ಎರಡನೆಯದು. ಎಷ್ಟು ಮಣ್ಣು ಕಡಿಯುತ್ತೀರಿ, ಎಷ್ಟು ತುಂಬುತ್ತೀರಿ ಎಂಬುದು ಮೂರನೆಯದು.

ನಮೂನೆ ಬರೆದವರಿಗೆ ವಿಷಯ ಗೊತ್ತಿತ್ತು. ತುಂಬುವ ನಾವು ಮೂರನ್ನೂ ಮೂವರಿಗೆ ಹಂಚಿಬಿಡುತ್ತೇವೆ. ಭೂಕಂಪದ ಪಾಲಿಗೆ ಸಿಗುವುದು ಹಳೆಯ ಕಡತದಿಂದ ಎತ್ತಿಟ್ಟ ಒಂದೇ ಸಾಲು: ‘ಸ್ಥಳವು ವಲಯ 3ರಲ್ಲಿದ್ದು, ಕಟ್ಟಡವನ್ನು ಐಎಸ್ 1893ರಂತೆ ವಿನ್ಯಾಸಗೊಳಿಸಲಾಗುವುದು.’ ಸುಳ್ಳೇನಲ್ಲ. ಐಎಸ್ 1893 ಎಂದರೆ ಭೂಕಂಪ ತಾಳುವ ವಿನ್ಯಾಸದ ಭಾರತೀಯ ಮಾನಕ. ಅದರ ಆಗಿನ ನಕ್ಷೆಯಲ್ಲಿ ಮಂಗಳೂರು ವಲಯ 3ರಲ್ಲೇ ಇತ್ತು, ಆ ವಲಯದ ಗುಣಾಂಕ, ಅಂದರೆ ಕಂಪನದ ಬಲವನ್ನು ಲೆಕ್ಕ ಹಾಕಲು ಹಿಡಿಯುವ ಸಂಖ್ಯೆ, 0.16. ಆದರೆ ಆ ಸಾಲು ಹೇಳುವುದು ಕಟ್ಟಡದ ಮಾತನ್ನು. ಕಟ್ಟಡ ಕೂರುವ ಗುಡ್ಡದ ಮಾತು ಅದರಲ್ಲಿಲ್ಲ.

‘ನಮ್ಮ ಕಡೆ ಭೂಕಂಪ ಎಲ್ಲಿ ಮಾರಾಯರೇ?’ ಎಂದು ಮಾಲೀಕರು ನಕ್ಕರು. 1993ರ ಭೂಕಂಪದಲ್ಲಿ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು ಎಂದೆ. ಅದು ಅವರಿಗೆ ದೂರದ ಊರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನೆನಪಿಸಿದ ಮೇಲೆ, ಮಣ್ಣು ಪರೀಕ್ಷಿಸಲು ನೆಲ ಕೊರೆಯುವ ಖರ್ಚಿಗೆ ಒಪ್ಪಿದರು.

ಕರಾವಳಿಯ ಗುಡ್ಡದ ಒಳಗನ್ನು ಬಲ್ಲವರಿಗೆ ಮುಂದಿನದು ಹೊಸದಲ್ಲ. ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಶೇಡಿ ಮಣ್ಣು. ಬಿಳಿ, ನಸುಗೆಂಪು, ಹಳದಿ ಬಣ್ಣದ ಈ ಮಣ್ಣು ಒಣಗಿದ್ದಾಗ ಕತ್ತರಿಸಿದರೆ ಗೋಡೆಯಂತೆ ನಿಲ್ಲುತ್ತದೆ. ನೆನೆದರೆ ಬಲ ಬಿಟ್ಟುಬಿಡುತ್ತದೆ. ಕೊರೆತದಲ್ಲಿ ಮಣ್ಣಿನ ಗಟ್ಟಿತನ ಅಳೆಯಲು 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ ಕೊನೆಯ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುತ್ತೇವೆ. ಮುರಕಲ್ಲಿನಲ್ಲಿ ಐವತ್ತು ಪೆಟ್ಟು ಹಾಕಿದರೂ ಕೊಳವೆ ಜಗ್ಗಲಿಲ್ಲ. ಶೇಡಿ ಸಿಕ್ಕಿದ ಕೂಡಲೇ ಎಣಿಕೆ ಹತ್ತರ ಆಸುಪಾಸಿಗೆ ಕುಸಿಯಿತು. ‘ಸರ್, ರಾಡು ತಾನಾಗಿ ಇಳಿಯುತ್ತಿದೆ’ ಎಂದ ಕೊರೆಯುವ ಹುಡುಗ. ಸಾಮಾನ್ಯವಾಗಿ ಆಳಕ್ಕೆ ಹೋದಂತೆ ನೆಲ ಗಟ್ಟಿಯಾಗುತ್ತದೆ, ಇಲ್ಲಿ ತಿರುಗುಮುರುಗು. ಭೂಕಂಪದ ಲೆಕ್ಕಕ್ಕೆ ಮಣ್ಣಿನ ವರ್ಗ ಗುರುತಿಸುವಾಗ ಮೇಲಿನ 30 ಮೀಟರಿನ ಸರಾಸರಿ ಹಿಡಿಯುತ್ತಾರೆ. ಸರಾಸರಿಯಲ್ಲಿ ನಮ್ಮ ಜಾಗ ‘ಮಧ್ಯಮ’ ಎಂದು ಸಲೀಸಾಗಿ ಪಾಸಾಯಿತು. ಕಟ್ಟಡದ ಲೆಕ್ಕಕ್ಕೆ ಅದು ಸಾಕು. ಇಳಿಜಾರು ಜಾರುವುದು ಸರಾಸರಿಯ ಮೇಲಲ್ಲ, ಆ ಮೆತ್ತನೆಯ ಪದರದ ಮೇಲೆ.

ಪರಿಸರದ ಮೂಲ ಮಾಹಿತಿಯನ್ನು ಮಳೆಗಾಲ ಬಿಟ್ಟು ಬೇರೆ ಋತುವಿನಲ್ಲಿ ಸಂಗ್ರಹಿಸುವುದು ರೂಢಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಬೀಳುವ ಊರಿನಲ್ಲಿ ಇದೊಂದು ವಿಚಿತ್ರ ಪದ್ಧತಿ. ನಾನು ಮಾರ್ಚ್‌ನಲ್ಲಿ ಅಳೆಯಬೇಕಾದದ್ದನ್ನು ಅಳೆದು, ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ಮತ್ತೆ ಗುಡ್ಡದ ಬುಡ ಸುತ್ತಿದೆ. ಕೆಳಗಿನ ಮನೆಯ ಹಿರಿಯ ಹೆಂಗಸು ಬಾವಿ ತೋರಿಸಿ, ‘ಈಗ ಗಂಜಿತಿಳಿಯ ಹಾಗೆ ಬರುತ್ತದೆ ನೋಡಿ, ದೀಪಾವಳಿಯ ಹೊತ್ತಿಗೆ ಸರಿಯಾಗುತ್ತದೆ’ ಎಂದರು. ಕೊಡಪಾನದ ತಳದಲ್ಲಿ ನುಣುಪಾದ ಬಿಳಿ ಗಷ್ಟು ಕೂತಿತ್ತು. ಬೆರಳಲ್ಲಿ ಉಜ್ಜಿದರೆ ಶೇಡಿಯೇ. ಗುಡ್ಡದ ಹೊಟ್ಟೆಯಿಂದ ನೀರು ಮಣ್ಣನ್ನು ಹೊತ್ತು ತರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಳಿಜಾರಿನ ಲೆಕ್ಕಕ್ಕೆ ಭೂಕಂಪವನ್ನು ಅಡ್ಡಲಾಗಿ ತಳ್ಳುವ ಬಲವೆಂದು ಭಾವಿಸುವುದು ಸರಳ ವಿಧಾನ. ಆ ಬಲಕ್ಕೆ 0.16ರ ಅರ್ಧ, ಅಂದರೆ ಮಣ್ಣಿನ ತೂಕದ 0.08 ಪಾಲು ಹಿಡಿದೆ. ಒಣ ಗುಡ್ಡ ಆ ಅಲುಗಾಟವನ್ನೂ ತಾಳಿಕೊಂಡಿತು. ಜಲಮಟ್ಟವನ್ನು ಆಟಿಯ ಎತ್ತರಕ್ಕೆ ಏರಿಸಿದಾಗ ಕಂಪನವಿಲ್ಲದೆಯೇ ಸುರಕ್ಷತೆಯ ಅಂಕ (ಜಾರಿಸುವ ಬಲಕ್ಕೆ ಹೋಲಿಸಿದರೆ ತಾಳುವ ಬಲ ಎಷ್ಟು ಪಟ್ಟು ಎಂಬುದು; 1ಕ್ಕಿಂತ ಕಡಿಮೆಯಾದರೆ ಗುಡ್ಡ ಜಾರುತ್ತದೆ) ಅಂಚಿಗೆ ಬಂದಿತು. ಎರಡೂ ಸೇರಿದಾಗ 1ಕ್ಕಿಂತ ಕೆಳಗಿಳಿಯಿತು. ಈ ಗುಡ್ಡದ ಭೂಕಂಪದ ಪ್ರಶ್ನೆ ಮೊದಲು ನೀರಿನ ಪ್ರಶ್ನೆ.

ಕಗ್ಗಂಟಾದದ್ದು ಇಲ್ಲಿಯೇ. ಪರಿಸರದ ಅಧ್ಯಾಯ ಬರೆದ ಸಹೋದ್ಯೋಗಿ ಮಳೆನೀರು ಇಂಗಿಸಲು ಜಾಗದ ಮೇಲಂಚಿನ ಉದ್ದಕ್ಕೂ ಇಂಗುಗುಂಡಿಗಳನ್ನು ಸಾಲಾಗಿ ಗುರುತಿಸಿದ್ದರು. ಕಡತದಲ್ಲಿ ಅದು ಪುಣ್ಯದ ಕೆಲಸ, ಅಂತರ್ಜಲ ಹೆಚ್ಚುತ್ತದೆ. ಆ ಗುಡ್ಡಕ್ಕೆ ಮಾತ್ರ ಅದು ಶೇಡಿಯ ಪದರಕ್ಕೇ ನೀರೂಡಿಸುವ ಏರ್ಪಾಡು. ಗುಂಡಿಗಳನ್ನು ಕೈಬಿಟ್ಟು ಮಳೆನೀರನ್ನೆಲ್ಲ ಚರಂಡಿಗೆ ಹರಿಸಿದರೆ ಕೆಳಗಿನ ಬಾವಿಗಳು ಏಪ್ರಿಲ್‌ನಲ್ಲಿ ಬತ್ತುತ್ತವೆ. ಇಬ್ಬರೂ ತಂತಮ್ಮ ಅಧ್ಯಾಯದಲ್ಲಿ ಸರಿ. ನಕ್ಷೆ ಒಂದೇ ಆದ್ದರಿಂದ ಜಗಳವಾಡಲೇಬೇಕಾಯಿತು, ಆಡಿದೆವು.

ಕೊನೆಗೆ ಮೇಲಂಚಿನಲ್ಲಿ ಕಾಂಕ್ರೀಟು ಹಾಸಿದ ತಡೆಕಾಲುವೆ ತೆಗೆದು, ನೀರನ್ನು ಕೊಳವೆಯಲ್ಲಿ ಇಳಿಸಿ ತೊಟ್ಟಿಯಲ್ಲಿ ತುಂಬಿಸಿ, ಇಳಿಜಾರು ಮುಗಿದ ನಂತರದ ಬುಡದ ಸಮತಟ್ಟಿನಲ್ಲಿ, ಬಾವಿಗಳಿಗೆ ಹತ್ತಿರದಲ್ಲಿ ಇಂಗಿಸುವುದೆಂದು ಒಪ್ಪಿಕೊಂಡೆವು. ನೆಲಮಾಳಿಗೆಯ ಒಂದು ಅಂತಸ್ತು ಕೈಬಿಟ್ಟು ಕಡಿತದ ಎತ್ತರ ತಗ್ಗಿಸಿದೆವು. ಉಳಿದ ಕಡಿತಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಆಕಾರ ಕೊಟ್ಟು, ತಡೆಗೋಡೆಯಲ್ಲಿ ನೀರು ಬಸಿಯುವ ತೂತುಗಳನ್ನು ಬಿಟ್ಟೆವು. ಕಟ್ಟಡದ ಕೆಳಮಹಡಿ ಪೂರ್ತಿ ವಾಹನ ನಿಲುಗಡೆಗೆ ತೆರೆದಿತ್ತು. ಭೂಕಂಪದಲ್ಲಿ ಇಂಥ ಮಹಡಿಯೇ ಮೊದಲು ಕುಸಿಯುವುದರಿಂದ ಅಲ್ಲಿ ಕಾಂಕ್ರೀಟು ಗೋಡೆಗಳನ್ನು ಸೇರಿಸುವಂತೆ ವಿನ್ಯಾಸಕಾರರಿಗೆ ಬರೆದೆ. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ತಕರಾರು ಬಂದದ್ದು ಜಲಮಟ್ಟ ಅಳೆಯುವ ಕೊಳವೆಗಳಿಗೆ. ಕೆಲಸ ನಡೆಯುವ ಮಳೆಗಾಲಗಳಲ್ಲಿ ವಾರವಾರ ಅಳೆಯಬೇಕು, ಗೊತ್ತುಮಾಡಿದ ಮಟ್ಟ ದಾಟಿದರೆ ಮಣ್ಣು ಕಡಿಯುವುದನ್ನು ನಿಲ್ಲಿಸಬೇಕು ಎಂಬ ಷರತ್ತನ್ನು ನಾನೇ ಕಡತಕ್ಕೆ ಸೇರಿಸಿದ್ದೆ. ‘ಯಾರೂ ಕೇಳದ ಷರತ್ತನ್ನು ನಾವೇ ಏಕೆ ತಲೆಯ ಮೇಲೆ ಎಳೆದುಕೊಳ್ಳಬೇಕು?’ ಎಂದರು ಮಾಲೀಕರು. ಲೆಕ್ಕದ ಹಾಳೆ ತೋರಿಸಿ, ಆ ಷರತ್ತಿಲ್ಲದೆ ಸಹಿ ಹಾಕುವುದಿಲ್ಲ ಎಂದೆ. ಷರತ್ತು ಉಳಿಯಿತು. ಹೊಸ ತೊಟ್ಟಿಗಾಗಿ ಹೋದ ಕಾರು ನಿಲುಗಡೆಯ ಜಾಗದ ಬೆಲೆಯನ್ನು ಅವರು ಸಿಕ್ಕಾಗಲೆಲ್ಲ ನನಗೆ ಈಗಲೂ ಹೇಳುತ್ತಾರೆ.