ಬಿಲ್ಡ್ ಪಾಸ್, ಫಂಕ್ಷನ್ ಮಾಯ: ಕೋಡ್ ಜನರೇಟರ್ ರಿವ್ಯೂ ಮಾಡಿದ ನನ್ನ ಅನುಭವ

ನಮ್ಮದು ಸಿ ಭಾಷೆಯಲ್ಲಿರುವ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ. ಅದನ್ನು ಪೈಥಾನ್‌ನಿಂದ ಬಳಸಲು ಬೇಕಾದ ಸಿ ಕೋಡನ್ನು ಒಂದು ಸ್ಕ್ರಿಪ್ಟೇ ಬರೆದುಕೊಡುತ್ತದೆ, ಅದೇ ನಮ್ಮ ಜನರೇಟರ್. ಉಪಾಯ ನಮ್ಮ ಸ್ವಂತದ್ದಲ್ಲ, ಪೈಥಾನ್ 3.4ರಿಂದ ಸಿಪೈಥಾನ್ (ಸಿ ಭಾಷೆಯಲ್ಲಿ ಬರೆದ ಮೂಲ ಪೈಥಾನ್) ಒಳಗಿರುವ ಆರ್ಗ್ಯುಮೆಂಟ್ ಕ್ಲಿನಿಕ್ ಎಂಬ ಇಂಥದ್ದೇ ಜನರೇಟರ್ ನೋಡಿ ಕಲಿತದ್ದು. ಸಿ ಫೈಲಿನಲ್ಲಿ ಒಂದು ಫಂಕ್ಷನ್ ಇಫ್‌ಡೆಫ್ (ಷರತ್ತು ನಿಜವಾದರೆ ಮಾತ್ರ ಕೋಡನ್ನು ಬಿಲ್ಡ್‌ಗೆ ಸೇರಿಸುವ ಸಾಲು) ಒಳಗಿದ್ದರೆ, ಜನರೇಟರ್ ತಾನು ಬರೆಯುವ ಕೋಡಿಗೂ ಅದೇ ಷರತ್ತು ಹಾಕುತ್ತದೆ. ಷರತ್ತು ಸುಳ್ಳಾದ ಮಷೀನಿನಲ್ಲಿ ಆ ಫಂಕ್ಷನ್ನನ್ನು ಪೈಥಾನ್‌ನ ಮೆಥಡ್‌ಗಳ ಪಟ್ಟಿಗೆ ಸೇರಿಸುವ ಮ್ಯಾಕ್ರೋವನ್ನು (ಕಂಪೈಲ್‌ಗೆ ಮುಂಚೆ ಬೇರೆ ಕೋಡಾಗಿ ಬದಲಾಗುವ ಹೆಸರು) ಖಾಲಿ ಮಾಡುತ್ತದೆ. ಕಾಮಾ ಕೂಡ ಮ್ಯಾಕ್ರೋ ಒಳಗೇ ಇರುವುದರಿಂದ ಮೆಥಡ್‌ಗಳ ಪಟ್ಟಿ ಸರಿಯಾಗೇ ಉಳಿಯುತ್ತದೆ, ಕಂಪೈಲರ್ ತಕರಾರು ಮಾಡುವುದಿಲ್ಲ.

ತಕರಾರು ಮಾಡುವುದಿಲ್ಲ ಅನ್ನುವುದೇ ನನಗೆ ಮುಳುವಾಯಿತು.

ಒಬ್ಬರು ಜನರೇಟರ್‌ಗೆ ಎಲ್ಸ್ (ಷರತ್ತು ಸುಳ್ಳಾದಾಗ ಬಳಸುವ ಭಾಗ) ಬೆಂಬಲ ಸೇರಿಸಿ ನನಗೆ ರಿವ್ಯೂಗೆ ಕಳಿಸಿದ್ದರು. ಸ್ಕ್ರಿಪ್ಟಿನಲ್ಲಿ ಮೂವತ್ತು ಸಾಲು ಬದಲಾವಣೆ, ಹುಟ್ಟಿದ ಫೈಲುಗಳಲ್ಲಿ ಸಾವಿರಕ್ಕೂ ಜಾಸ್ತಿ. ಆ ಫೈಲುಗಳಿಗೆ ಜನರೇಟೆಡ್ ಅಂತ ಗುರುತು ಹಾಕಿದ್ದೆವು, ಹಾಗಾಗಿ ಗಿಟ್‌ಹಬ್ ಅವುಗಳ ಡಿಫ್ (ಬದಲಾದ ಸಾಲುಗಳ ಪಟ್ಟಿ) ಮಡಚಿ ಇಡುತ್ತದೆ. ನಾನೂ ಬಿಚ್ಚಿ ನೋಡಲಿಲ್ಲ. ಸ್ಕ್ರಿಪ್ಟ್ ಓದಿದೆ, ಲಿನಕ್ಸ್‌ನಲ್ಲಿ ಟೆಸ್ಟ್ ಓಡಿಸಿದೆ, ಒಪ್ಪಿಗೆ ಕೊಟ್ಟೆ.

ಕೆಲವು ದಿನಕ್ಕೆ ಮ್ಯಾಕ್ ಬಳಸುವವರೊಬ್ಬರು ಫೈಲ್ ಕಳಿಸುವ ಫಂಕ್ಷನ್ನೇ ಇಲ್ಲ ಅಂದರು. ಅದಕ್ಕೆ ನಮ್ಮಲ್ಲಿ ಎರಡು ರೂಪ ಇವೆ. ಆಪರೇಟಿಂಗ್ ಸಿಸ್ಟಮಿನಲ್ಲಿ ಸೆಂಡ್‌ಫೈಲ್ ಅನ್ನುವ ಫಂಕ್ಷನ್, ಸಿಸ್/ಸೆಂಡ್‌ಫೈಲ್ ಅನ್ನುವ ಹೆಡರ್ (ಫಂಕ್ಷನ್‌ಗಳನ್ನು ಘೋಷಿಸುವ ಫೈಲ್), ಎರಡೂ ಇದ್ದರೆ ಮೊದಲನೆಯದು. ಇಲ್ಲದಿದ್ದರೆ ಎಲ್ಸ್ ಕೆಳಗಿರುವ ಸಾದಾ ರೂಪ. ಎಲ್ಸ್ ಬಂದಾಗ ಜನರೇಟರ್ ಇಡೀ ಷರತ್ತನ್ನು ತಿರುಗಿಸಬೇಕು, ಅಂದರೆ ‘ಎರಡೂ ಇರುವುದು ಸುಳ್ಳು’ ಆಗಬೇಕು. ಬದಲಾವಣೆಯಲ್ಲಿ ಕಂಸ ಹಾಕದೆ ಸುಮ್ನೆ ಮುಂದೆ ಒಂದು ನಾಟ್ ಚಿಹ್ನೆ (‘ಅಲ್ಲ’ ಅನ್ನುವುದು) ಇಟ್ಟಿದ್ದರು, ಅದು ಮೊದಲ ಭಾಗಕ್ಕಷ್ಟೇ ಅಂಟಿತು. ಆಗ ಅರ್ಥವೇ ಬೇರೆ, ‘ಫಂಕ್ಷನ್ ಇರಬಾರದು, ಹೆಡರ್ ಇರಬೇಕು’. ಮ್ಯಾಕ್‌ನಲ್ಲಿ ಸೆಂಡ್‌ಫೈಲ್ ಇದೆ, ಆದರೆ ಆ ಹೆಡರ್ ಇಲ್ಲ, ಅಲ್ಲಿ ಅದನ್ನು ಘೋಷಿಸಿರುವುದು ಸಾಕೆಟ್ ಹೆಡರ್‌ನಲ್ಲಿ. ವಿಂಡೋಸ್‌ನಲ್ಲಿ ಎರಡೂ ಇಲ್ಲ. ಎರಡು ಕಡೆಯೂ ಷರತ್ತು ಸುಳ್ಳಾಯಿತು, ಮ್ಯಾಕ್ರೋ ಖಾಲಿಯಾಯಿತು, ಬಿಲ್ಡ್ ಪಾಸಾಯಿತು. ಲಿನಕ್ಸ್‌ನಲ್ಲಿ ಎರಡೂ ಇರುವುದರಿಂದ ನನಗೆ ಅಲ್ಲಿ ಏನೂ ಕಾಣುವ ಹಾಗೇ ಇರಲಿಲ್ಲ. ಕ್ಲಿನಿಕ್ ಮತ್ತೆ ತೆಗೆದು ನೋಡಿದರೆ, ಒಂದೇ ಡಿಫೈನ್ಡ್‌ಗಿಂತ (‘ಇದು ಇದೆಯೇ’ ಅನ್ನುವ ಪರೀಕ್ಷೆ) ದೊಡ್ಡದಾದ ಷರತ್ತಿಗೆಲ್ಲ ಅದು ಕಂಸ ಹಾಕಿಯೇ ಇಡುತ್ತದೆ.

ಬೇಜಾರಾಗಿದ್ದು ಇನ್ನೊಂದಕ್ಕೆ. ಮ್ಯಾಕ್ ಬಿಲ್ಡ್ ಲಾಗ್‌ನಲ್ಲಿ ಆ ಸಾದಾ ರೂಪದ ಬಗ್ಗೆ ‘ಈ ಸ್ಟ್ಯಾಟಿಕ್ ಫಂಕ್ಷನ್ (ತನ್ನ ಫೈಲಿನೊಳಗಷ್ಟೇ ಕಾಣುವ ಫಂಕ್ಷನ್) ಯಾರೂ ಬಳಸುತ್ತಿಲ್ಲ’ ಅಂತ ಒಂದು ವಾರ್ನಿಂಗ್ ಇತ್ತು. ಕಂಪೈಲರ್ ಹೇಳಿತ್ತು, ನಾವು ಕೇಳಲಿಲ್ಲ, ಅಲ್ವಾ? ಈಗ ಅದೊಂದು ವಾರ್ನಿಂಗನ್ನು ಎರರ್ ಮಾಡಿದ್ದೇವೆ.

ಅಲ್ಲಿಂದ ರಿವ್ಯೂ ಮಾಡುವ ಕ್ರಮ ಬದಲಾಯಿತು. ಮೊದಲು ಜನರೇಟರನ್ನು ನನ್ನ ಮಷೀನಿನಲ್ಲಿ ಓಡಿಸಿ, ಕಳಿಸಿದವರ ಫೈಲಿಗೂ ನನ್ನದಕ್ಕೂ ಒಂದಕ್ಷರ ವ್ಯತ್ಯಾಸ ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತೇನೆ. ಆಮೇಲೆ ಹುಟ್ಟಿದ ಡಿಫ್‌ನಲ್ಲಿ ಇಫ್, ಎಲ್ಸ್, ಎಂಡಿಫ್ ಸಾಲುಗಳನ್ನು ಮಾತ್ರ ಗ್ರೆಪ್ ಮಾಡಿ (ಹುಡುಕಿ ತೆಗೆದು) ಓದುತ್ತೇನೆ. ಸಾವಿರ ಸಾಲು ನಲವತ್ತಕ್ಕೆ ಇಳಿಯುತ್ತದೆ, ಅಷ್ಟನ್ನು ಕಾಫಿ ಕುಡಿಯುತ್ತಾ ಓದಬಹುದು. ಕೊನೆಗೆ ಇಲ್ಲದ ಮಷೀನನ್ನು ಇದ್ದ ಮಷೀನಿನಲ್ಲೇ ನಟಿಸುತ್ತೇನೆ. ಮಷೀನಿನಲ್ಲಿ ಏನೇನಿದೆ ಅಂತ ಬಿಲ್ಡ್‌ಗೆ ಮುಂಚೆ ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸುವಾಗ, ಅದನ್ನು ತಯಾರಿಸುವ ಆಟೋಕಾನ್ಫ್‌ನ ಕ್ಯಾಶ್ ವೇರಿಯಬಲ್‌ಗೆ (ಪರೀಕ್ಷೆಯ ಉತ್ತರ ಇಡುವ ಜಾಗ) ‘ನೋ’ ಅಂತ ಮೊದಲೇ ಕೊಟ್ಟರೆ ಸಾಕು, ಸೆಂಡ್‌ಫೈಲ್ ಇಲ್ಲ ಅಂತಲೇ ಅದು ನಂಬುತ್ತದೆ. ಹೆಡರ್‌ಗೂ ಬೇರೆಯಾಗಿ ಹಾಗೇ ಮಾಡಬೇಕು. ಎರಡು ಷರತ್ತಿದ್ದರೆ ನಾಲ್ಕು ಬಿಲ್ಡ್. ಪ್ರತಿಯೊಂದರಲ್ಲೂ ಪೈಥಾನ್ ತೆರೆದು, ಮಾಡ್ಯೂಲಿನಲ್ಲಿರುವ ಹೆಸರುಗಳನ್ನು ಡಿರ್ ಅನ್ನುವ ಫಂಕ್ಷನ್‌ನಿಂದ ತೆಗೆದು, ಹಿಂದಿನ ಆವೃತ್ತಿಯ ಪಟ್ಟಿಯೊಂದಿಗೆ ಹೋಲಿಸುತ್ತೇನೆ. ಒಂದು ಹೆಸರು ಕಮ್ಮಿಯಾದರೂ ಯಾಕೆ ಅಂತ ಕಳಿಸಿದವರನ್ನು ಕೇಳುತ್ತೇನೆ.

ಆ ಕಂಸದ ತಪ್ಪನ್ನು ಸರಿಮಾಡಿದ್ದೂ ಎಲ್ಸ್ ಸೇರಿಸಿದವರೇ. ಈ ಸಲ ನಾಲ್ಕೂ ಬಿಲ್ಡ್‌ಗಳ ಹೆಸರಿನ ಪಟ್ಟಿಯನ್ನು ನಾನು ಕೇಳುವ ಮೊದಲೇ ಲಗತ್ತಿಸಿದ್ದರು.