ಅಮೆರಿಕದ ಮೊದಲ ಕ್ರೆಡಿಟ್ ಕಾರ್ಡ್: ಬ್ಯೂರೋಗೆ ಹೋಗುವ ಲೆಕ್ಕ ಯಾವುದು?

ಮಣಿಪಾಲದಲ್ಲೋ ಸುರತ್ಕಲ್‌ನಲ್ಲೋ ಓದು ಮುಗಿಸಿ ಅಮೆರಿಕಕ್ಕೆ ಹೊರಟಿದ್ದೀರಾ? ಊರಿನ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಅಮೆರಿಕದಲ್ಲಿ ಸಾಮಾನ್ಯವಾಗಿ ಅದನ್ನು ನೋಡುವುದಿಲ್ಲ. ಸಾಲದ ಲೆಕ್ಕ ಇಡುವ ಇಲ್ಲಿನ ಕ್ರೆಡಿಟ್ ಬ್ಯೂರೋಗಳಾದ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ನಿಮ್ಮ ಪುಟ ಖಾಲಿ. ಸಿಬಿಲ್ ಟ್ರಾನ್ಸ್‌ಯೂನಿಯನ್‌ನದ್ದೇ ಆದರೂ ಲೆಕ್ಕ ತಾನಾಗಿ ಸಮುದ್ರ ದಾಟುವುದಿಲ್ಲ.

ನಮ್ಮದು 1928ರಲ್ಲೇ ಪಿಗ್ಮಿ ಕಟ್ಟಲು ಶುರುಮಾಡಿದ ಉಡುಪಿ. ಉಳಿಸುವುದು ರಕ್ತದಲ್ಲೇ ಇದೆ. ಆದರೆ ಖಾತೆಯಲ್ಲಿ ಎಷ್ಟು ದುಡ್ಡಿದೆ, ಸಂಬಳ ಎಷ್ಟು ಎಂಬುದು ಇಲ್ಲಿನ ಸ್ಕೋರಿಗೆ ಲೆಕ್ಕವೇ ಅಲ್ಲ. ಡೆಬಿಟ್ ಕಾರ್ಡ್ ಎಷ್ಟು ಉಜ್ಜಿದರೂ ಅಷ್ಟೇ.

ಕ್ರೆಡಿಟ್ ಕಾರ್ಡ್ ಕೊಟ್ಟ ಬ್ಯಾಂಕ್ ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಸ್ಟೇಟ್‌ಮೆಂಟ್ ಆಗುವ ದಿನದ ಆಸುಪಾಸಿನಲ್ಲಿ ವರದಿ ಕಳಿಸುತ್ತದೆ. ಮಿತಿ ಎಷ್ಟು, ಆಗ ಬಾಕಿ ಎಷ್ಟು, ಸಮಯಕ್ಕೆ ಕಟ್ಟುತ್ತಿದ್ದೀರಾ ಎಂಬುದೆಲ್ಲ ಅದರಲ್ಲಿರುತ್ತದೆ. ಏನು ಕೊಂಡಿರಿ ಎಂಬುದು ಇರುವುದಿಲ್ಲ.

ಹೊಸಬರು ಎಡವುವುದು ಇಲ್ಲೇ. 500 ಡಾಲರ್ ಮಿತಿಯ ಕಾರ್ಡಿನಲ್ಲಿ 450 ಖರ್ಚಾಯಿತು, ಕೊನೆ ದಿನದೊಳಗೆ ಪೂರ್ತಿ ಕಟ್ಟಿದಿರಿ ಅನ್ನಿ. ಬಡ್ಡಿ ಬೀಳುವುದಿಲ್ಲ. ಆದರೂ ಬ್ಯೂರೋಗೆ ಶೇ 90 ಬಳಕೆ ಅಂತ ಹೋಗಿರುತ್ತದೆ, ಸ್ಕೋರ್ ಇಳಿಯುತ್ತದೆ. ಯಾಕಂದ್ರೆ ಕಟ್ಟುವ ಕೊನೆ ದಿನ ಬರುವುದು ಸ್ಟೇಟ್‌ಮೆಂಟ್ ಆಗಿ ಕನಿಷ್ಠ 21 ದಿನದ ಮೇಲೆ. ಸ್ಟೇಟ್‌ಮೆಂಟ್‌ಗೆ ಮೂರ್ನಾಲ್ಕು ದಿನ ಮೊದಲೇ 400 ಕಟ್ಟಿ ನೋಡಿ, ಬಾಕಿ 50 ಅಂತಲೇ ಹೋಗುತ್ತದೆ. ಹೀಗೆ ಮೊದಲೇ ಕಟ್ಟುವುದನ್ನು ಒಂದು ತಿಂಗಳು ಮರೆತರೆ ಸುಮ್ನೆ ಗಾಬರಿ ಬೇಡ, ಮುಂದಿನ ವರದಿಯಲ್ಲಿ ಸರಿಹೋಗುತ್ತದೆ. ಬಾಡಿಗೆ ಮನೆಗೋ ಕಾರ್ ಸಾಲಕ್ಕೋ ಅರ್ಜಿ ಹಾಕುವ ಮುಂಚಿನ ತಿಂಗಳು ಮಾತ್ರ ಜಾಸ್ತಿ ಜಾಗ್ರತೆ ಬೇಕು.

ತಡವಾಗಿ ಕಟ್ಟುವುದು ಹಾಗಲ್ಲ. ಕೊನೆ ದಿನ ಕಳೆದು 30 ದಿನ ದಾಟಿದರೆ ಅದು ಬ್ಯೂರೋಗೆ ಹೋಗಬಹುದು. ಹೋದರೆ 7 ವರ್ಷದವರೆಗೆ ಅಳಿಸುವುದಿಲ್ಲ. ಇಲ್ಲಿ ಹೆಚ್ಚಾಗಿ ಬಳಸುವ ಕ್ರೆಡಿಟ್ ಸ್ಕೋರ್ ಆದ ಫೈಕೋದಲ್ಲಿ ಶೇ 35ರಷ್ಟು ತೂಕ ಸಮಯಕ್ಕೆ ಕಟ್ಟಿದ್ದೀರಾ ಎಂಬುದಕ್ಕೇ. ಕಾರ್ಡ್ ಬಂದ ದಿನವೇ ಆಟೋಪೇ ಹಾಕಿ, ದಯವಿಟ್ಟು ನಾಳೆಗೆ ಇಡಬೇಡಿ.

ಖಾತೆಗೆ 6 ತಿಂಗಳಾಗದೆ ಫೈಕೋ ಸ್ಕೋರ್ ಮೂಡುವುದಿಲ್ಲ. ಡೆಪಾಸಿಟ್ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಳ್ಳುವವರು ಮೂರೂ ಬ್ಯೂರೋಗೆ ವರದಿ ಹೋಗುತ್ತದೆಯೇ ಅಂತ ಮೊದಲೇ ಕೇಳಿ. ಕಳಿಸಲೇಬೇಕು ಎಂಬ ಕಾನೂನಿಲ್ಲ.

ಇನ್ನು ಊರಿನ ಕಾರ್ಡ್. ಬೇಡವಾದರೆ ಹೊರಡುವ ಮೊದಲೇ ಬಾಕಿ ತೀರಿಸಿ ಮುಚ್ಚಿಸಿ, ಬ್ಯಾಂಕಿನಿಂದ ಪತ್ರ ಪಡೆಯಿರಿ. ವಾರ್ಷಿಕ ಶುಲ್ಕ ಬಾಕಿ ಬಿದ್ದರೂ ಸಿಬಿಲ್‌ಗೆ ಹೋಗಬಹುದು. ಮುಂದೆ ಮಂಗಳೂರಿನಲ್ಲಿ ಫ್ಲ್ಯಾಟ್ ಸಾಲ ಕೇಳುವಾಗ ಬ್ಯಾಂಕಿನವರು ಅದನ್ನೇ ಮೊದಲು ತೋರಿಸುತ್ತಾರೆ.