ಬ್ರೌಸರ್‌ನ್ಯಾಗ ಸಿಗೋ ಫೈಲು ರಾತ್ರಿ ಕ್ರಾನ್‌ಗೆ ಯಾಕ ಸಿಗಲಿಲ್ಲ

ನಾ ಇರೋದು ಬಾಗಲಕೋಟಿ ನವನಗರದಾಗ, ಸಣ್ಣಪುಟ್ಟ ಅಂಗಡಿಗೋಳಿಗೆ ವೆಬ್‌ಸೈಟ್ ಮಾಡಿಕೊಡ್ತೀನಿ, ಎಲ್ಲಾ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷಾದಾಗೇ. ಇಳಕಲ್ಲಿನ ಒಬ್ರು ಸೀರಿ ಅಂಗಡಿ ಸಾವುಕಾರ್ರಿಗೆ ಒಂದು ಸೈಟ್ ಮಾಡಿದ್ದೆ. ಚಿಕ್ಕಿಪರಾಸ ದಡಿ, ಗೋಮಿ ದಡಿ, ತೋಪ ತೆನಿ ಸೆರಗು, ಹಿಂಗ ಫೋಟೋ, ಬಾಜೂಕ ರೇಟು, ಅಷ್ಟ. ಡೇಟಾಬೇಸ್ ಬ್ಯಾಡ ಅಂತ ನಾನೇ ಬಿಟ್ಟಿದ್ದೆ, ಅವ್ರ ಮಗ ಎಕ್ಸೆಲ್‌ನ್ಯಾಗ ರೇಟ್ ಬರದು ಸಿಎಸ್‌ವಿ (ಕಾಮಾ ಹಾಕಿ ಬ್ಯಾರೆ ಮಾಡಿದ ಸಾದಾ ಅಕ್ಷರದ ಫೈಲು) ಮಾಡಿ ಫೋಲ್ಡರಿಗೆ ಹಾಕ್ತಾನ, ನನ್ನ ಸ್ಕ್ರಿಪ್ಟ್ ಅದನ್ನ ಓದಿ ರೇಟ್ ಪೇಜ್ ಬರದು ಇಡತೈತಿ.

ಮೊದಲು ಹುಡುಗ ಒಂದು ಲಿಂಕ್ ಒತ್ತಿದ್ರ ಸ್ಕ್ರಿಪ್ಟ್ ಓಡ್ತಿತ್ತು. ಮರೀತಾನ ಅಂತ ನಾ ಶಾಣ್ಯಾತನ ಮಾಡಿ ರಾತ್ರಿ 2ಕ್ಕ ಕ್ರಾನ್ (ಹೇಳಿದ ಟೈಮಿಗೆ ತಾನ ಪ್ರೋಗ್ರಾಮ್ ಓಡಿಸೋ ಸರ್ವರಿನ ಸವಲತ್ತು) ಹಚ್ಚಿದೆ. ಮುಂಜಾನೆ ಫೋನು.

"ತಮ್ಮಾ, ರೇಟಿನ ಪೇಜ್ ಬೆಳ್ಳಗ ಬರಾಕತ್ತೈತಲ್ಲೋ, ಒಂದಕ್ಷರ ಇಲ್ಲ."

"ನೋಡ್ತೀನ್ರಿ ಸಾವುಕಾರ್ರ, ಐದು ನಿಮಿಷ."

ಐದು ನಿಮಿಷ ಅಂದದ್ದು ಮಧ್ಯಾಹ್ನ ಆತು. ಎರರ್ ಲಾಗ್ ತೆಗೀಬೇಕಂದ್ರ ಫೈಲ್ ತೆರೀವಲ್ದು, ಅದೊಂದ 9 ಜಿಬಿ ಆಗೇತಿ! ಬಾಲ ಅಷ್ಟ ನೋಡಿದೆ, ಎಫ್‌ಇಒಎಫ್‌ಗೆ (ಫೈಲ್ ಮುಗೀತೇನು ಅಂತ ನೋಡೋ ಫಂಕ್ಷನ್) ರಿಸೋರ್ಸ್ (ತೆರೆದ ಫೈಲು) ಕೊಡೋದು ಬಿಟ್ಟು ಬೂಲಿಯನ್ (ಬರೇ ಹೌದು-ಅಲ್ಲ) ಕೊಟ್ಟೀ ಅನ್ನೋ ಅರ್ಥದ್ದು ಅದ ಸಾಲು ಕೋಟ್ಯಂತರ ಸಲ.

ಮಜಾ ಏನಂದ್ರ ಸ್ಕ್ರಿಪ್ಟಿನ ಮೊದಲ ಎರಡು ಸಾಲು ಒಂದರ ಕೆಳಗೊಂದು ಅದಾವ, ಒಂದು ಕಾನ್ಫಿಗ್ (ಸೆಟ್ಟಿಂಗಿನ) ಫೈಲನ್ನ ಇನ್‌ಕ್ಲೂಡ್ ಮಾಡೋದು, ಅಂದ್ರ ಒಳಗ ಸೇರಿಸ್ಕೊಳ್ಳೋದು, ಇನ್ನೊಂದು ಸಿಎಸ್‌ವಿ ಎಫ್‌ಓಪನ್ ಮಾಡೋದು, ಅಂದ್ರ ತೆರೆಯೋದು. ಎರಡೂ ಫೈಲು ಅದ ಫೋಲ್ಡರಿನಾಗ ಅದಾವ, ಎರಡಕ್ಕೂ ಬರೇ ಹೆಸರು ಕೊಟ್ಟೀನಿ, ಒಂದು ಸಿಗತೈತಿ ಇನ್ನೊಂದು ಸಿಗಂಗಿಲ್ಲ. ತಲಿ ಕೆಟ್ಟುಹೋತು. ಆಮ್ಯಾಲ ತಿಳೀತು, ಇನ್‌ಕ್ಲೂಡ್ ಬರೇ ಹೆಸರು ಕೊಟ್ರ ಇನ್‌ಕ್ಲೂಡ್ ಪಾಥ್ (ಪಿಎಚ್‌ಪಿ ಸೆಟ್ಟಿಂಗಿನಾಗಿನ ಫೋಲ್ಡರ್ ಪಟ್ಟಿ) ನೋಡಿ, ಅಲ್ಲಿ ಇಲ್ಲಂದ್ರ ಕರೆದ ಸ್ಕ್ರಿಪ್ಟ್ ಇರೋ ಫೋಲ್ಡರ್‌ನ್ಯಾಗೂ ಹುಡುಕತೈತಿ, ಎಫ್‌ಓಪನ್‌ಗೆ ಆ ಚಾಳಿ ಇಲ್ಲ, ಅದು ಈಗ ಯಾವ ಫೋಲ್ಡರ್‌ನ್ಯಾಗ ನಿಂತೀವಿ ಅದನ್ನಷ್ಟ ನೋಡತೈತಿ. ಬ್ರೌಸರ್‌ನಿಂದ ಓಡಿಸಿದ್ರ ನಿಂತ ಜಾಗ ಸ್ಕ್ರಿಪ್ಟಿನ ಫೋಲ್ಡರ್ರೇ, ಕ್ರಾನ್ ಓಡಿಸಿದ್ರ ಯೂಸರ್‌ನ ಹೋಮ್ ಫೋಲ್ಡರ್. ಅಲ್ಲೆಲ್ಲಿ ಬರಬೇಕು ಸೀರಿ ರೇಟು!

ಫೈಲ್ ಸಿಗದಿದ್ರ ಎಫ್‌ಓಪನ್ ಫಾಲ್ಸ್ (ಅಲ್ಲ) ಅನ್ನೋ ಬೂಲಿಯನ್ ಕೊಡತೈತಿ, ನಾ ಅದನ್ನ ಚೆಕ್ ಮಾಡಿರಲಿಲ್ಲ, ಸೀದಾ "ಫೈಲ್ ಮುಗಿಯೋತನಕ" ಅಂತ ವೈಲ್ ಲೂಪ್, ಅಂದ್ರ ತಿರುತಿರುಗಿ ಓಡೋ ಕೋಡು. ಇಲ್ಲದ ಫೈಲು ಮುಗಿಯೋದು ಯಾವಾಗ? ಆ ಸರ್ವರ್‌ನ್ಯಾಗ ಪಿಎಚ್‌ಪಿ 7 ಇತ್ತು, ಬರೇ ವಾರ್ನಿಂಗ್ ಕೊಟ್ಕೊಂತ ತಿರುಗಿತು, 8 ಇದ್ದಿದ್ರ ಟೈಪ್ ಎರರ್ ಬಂದು ಅಲ್ಲೇ ಸಾಯ್ತಿತ್ತು. ಬ್ರೌಸರ್‌ನ್ಯಾಗಾದ್ರ ಡಿಫಾಲ್ಟ್ 30 ಸೆಕೆಂಡಿನ ಲಿಮಿಟ್ ಐತಿ, ಕ್ರಾನ್ ಓಡಿಸೋ ಕಮಾಂಡ್ ಲೈನ್‌ನ್ಯಾಗ ಲಿಮಿಟ್ಟೇ ಇಲ್ಲ. ಮತ್ತ ಪೇಜ್ ಬೆಳ್ಳಗಾಗಿದ್ದು ಯಾಕಂದ್ರ, ಬರಿಯೋ ಫೈಲಿಗೆ ಮಾತ್ರ ಪೂರ್ತಿ ಪಾಥ್ (ಫೋಲ್ಡರ್ ಸಹಿತ ವಿಳಾಸ) ಕೊಟ್ಟು ಲೂಪಿಗಿಂತ ಮೊದಲ ಡಬ್ಲ್ಯೂ (ಬರಿಯೋ) ಮೋಡ್‌ನ್ಯಾಗ ತೆರೆದಿದ್ದೆ, ಡಬ್ಲ್ಯೂ ಅಂದ್ರ ತೆರೆದ ಕೂಡ್ಲೆ ಹಳೇದೆಲ್ಲ ಸಾಫ್.

ಈಗ ಎಲ್ಲಾ ಪಾಥಿಗೂ ಮುಂದ ಸ್ಕ್ರಿಪ್ಟ್ ಯಾವ ಫೋಲ್ಡರ್‌ನ್ಯಾಗ ಐತಿ ಅಂತ ಹೇಳೋ ಡೈರ್ ಅನ್ನೋ ಮ್ಯಾಜಿಕ್ ಕಾನ್‌ಸ್ಟಂಟ್ ಹಚ್ತೀನಿ, ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಇರ್ತಾವಲ್ಲ, ಅದ. ಪಿಎಚ್‌ಪಿ 5.3ರಿಂದ ಐತಿ, ನನಗೇ ಆಲಸ್ಯ. ಇನ್‌ಕ್ಲೂಡ್ ತೆಗೆದು ರಿಕ್ವೈರ್ ಮಾಡಿದೆ, ಕಾನ್ಫಿಗ್ ಇಲ್ಲಂದ್ರ ಮುಂದ ಹೋಗೋದ ಬ್ಯಾಡ. ಎಫ್‌ಓಪನ್ ಫಾಲ್ಸ್ ಕೊಟ್ರ ಅಲ್ಲೇ ನಿಲ್ಲೂದು, ಲೂಪಿಗೆ ಎಫ್‌ಗೆಟ್‌ಸಿಎಸ್‌ವಿ (ಸಿಎಸ್‌ವಿ ಒಂದೊಂದ ಸಾಲು ಓದೋ ಫಂಕ್ಷನ್) ಕೊಡೋ ಸಾಲನ್ನ ನೋಡೂದು, ಸಾಲು ಬರದಿದ್ರ ನಿಲ್ಲೂದು. ಪೇಜನ್ನ ಬ್ಯಾರೆ ಹೆಸರಿನ ಫೈಲಿಗೆ ಪೂರ್ತಿ ಬರದು ಆಮ್ಯಾಲ ರೀನೇಮ್.

ಎರಡು ದಿನ ಬಿಟ್ಟು ಮತ್ತ ಫೋನ್, "ರೇಟ್ ಬಂದಾವಪಾ, ಹೆಸರು ಎಲ್ಲಿ ಹೋದ್ವು?" ಸೀರಿ ಹೆಸರು ಕನ್ನಡದಾಗ ಬರ್ಲಿ ಅಂತ ಹುಡುಗ ಎಕ್ಸೆಲ್‌ನ್ಯಾಗ ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡ್ಯಾನ, ಅದು ಫೈಲಿನ ಶುರುವಿಗೆ ಕಣ್ಣಿಗೆ ಕಾಣದ 3 ಬೈಟಿನ ಬಾಮ್ ಅನ್ನೋ ಗುರುತು ಸೇರಸತೈತಿ, ಮೊದಲ ಕಾಲಮ್ಮಿನ ತಲೆಬರಹಕ್ಕ ಅದು ಅಂಟಿ ನನ್ನ ಕೋಡಿಗೆ "ಹೆಸರು" ಅನ್ನೋ ಕಾಲಮ್ಮ ಸಿಗಂಗಿಲ್ಲ. ಹುಡುಗಗ ಏನೂ ಹೇಳಲಿಲ್ಲ, ಫೈಲ್ ತೆರೆದ ಕೂಡ್ಲೆ ಮೊದಲ 3 ಬೈಟ್ ಓದಿ, ಬಾಮ್ ಇದ್ರ ಹಂಗ ಮುಂದ, ಇಲ್ಲಂದ್ರ ರಿವೈಂಡ್ ಮಾಡು (ಮತ್ತ ಫೈಲಿನ ಶುರುವಿಗೆ ಹೋಗು) ಅಂತ ಎರಡು ಸಾಲು ಸೇರಿಸಿದೆ.